ಕಾಗೆಬಂಗಾರದ ನೆಂಟನಿಂದ ಬ್ಯಾಟರಿ

ತಾರಸಿ ತೋಟ ಮಾಡುವವರಿಗೆ ವರ್ಮಿಕ್ಯುಲೈಟ್ ಗೊತ್ತಿರುತ್ತದೆ. ಕೋಕೋಪೀಟ್ ಜೊತೆ ಕುಂಡಕ್ಕೆ ಹಾಕುವ ಹಗುರವಾದ, ಹೊಳೆಯುವ ಚೂರು. ಕಾಗೆಬಂಗಾರದ ನೆಂಟ ಅದು. ಪದರ ಪದರವಾಗಿ ಬಿಡಿಸಿಕೊಳ್ಳುವ ಸಿಲಿಕೇಟ್ ಖನಿಜ, ಅಂದರೆ ಒಳಗೆ ಸಿಲಿಕಾನ್ ಇರುವಂಥದ್ದು. ಬೆಂಗಳೂರಿನ ನಮ್ಮ ಲ್ಯಾಬಿನಲ್ಲಿ ಅದರಿಂದ ಲಿಥಿಯಂ ಅಯಾನ್ ಬ್ಯಾಟರಿಯ ಆನೋಡ್ (ಚಾರ್ಜ್ ಆಗುವಾಗ ಲಿಥಿಯಂ ಹಿಡಿದಿಡುವ ಭಾಗ) ಮಾಡುವುದು ನನ್ನ ಕೆಲಸವಾಗಿತ್ತು.

ಈಗಿನ ಬ್ಯಾಟರಿಗಳ ಆನೋಡಿನಲ್ಲಿರುವ ಗ್ರಾಫೈಟ್ ಒಂದು ಗ್ರಾಂಗೆ ಹೆಚ್ಚೆಂದರೆ 372 ಮಿಲಿಆಂಪಿಯರ್-ಗಂಟೆ ಚಾರ್ಜ್ ಹಿಡಿಯುತ್ತದೆ. ಸಿಲಿಕಾನ್ 3,500ಕ್ಕೂ ಜಾಸ್ತಿ ಹಿಡಿಯಬಲ್ಲದು. ಆದರೆ ಲಿಥಿಯಂ ಒಳಗೆ ಬಂದಾಗ ಅದು ಮೂರು ನಾಲ್ಕು ಪಟ್ಟು ಉಬ್ಬುತ್ತದೆ, ಬಿರುಕು ಬಿಟ್ಟು ಪುಡಿಯಾಗುತ್ತದೆ. ತೆಳು ಹಾಳೆಯಾಗಿದ್ದು, ನಡುವೆ ಜಾಗವಿದ್ದರೆ ತಡೆದುಕೊಳ್ಳಬಹುದು ಅಲ್ವಾ? ವರ್ಮಿಕ್ಯುಲೈಟ್‌ನಲ್ಲಿ ಆ ಹಾಳೆಗಳನ್ನು ಭೂಮಿಯೇ ಮಾಡಿಟ್ಟಿದೆ.

ಮೊದಲು ಬಿಸಿ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಹಾಕಿ ಕಬ್ಬಿಣ, ಮ್ಯಾಗ್ನೀಷಿಯಂ, ಅಲ್ಯೂಮಿನಿಯಂ ತೆಗೆದಿದ್ದೆ. ಹೊಂಬಣ್ಣದ ಚೂರು ಅವಲಕ್ಕಿಯಂತೆ ಬೆಳ್ಳಗಾಗಿತ್ತು. ಉಳಿದದ್ದು ಬರೀ ಸಿಲಿಕಾ, ಅಂದರೆ ಸಿಲಿಕಾನ್ ಮತ್ತು ಆಮ್ಲಜನಕ ಸೇರಿದ್ದು. ಅದಕ್ಕೆ ಮ್ಯಾಗ್ನೀಷಿಯಂ ಪುಡಿ, ಉಪ್ಪು ಬೆರೆಸಿ, ಯಾವುದರ ಜೊತೆಗೂ ಬೆರೆಯದ ಆರ್ಗಾನ್ ಅನಿಲ ಹರಿಸಿ, ಫರ್ನೇಸಿನಲ್ಲಿ 650 ಡಿಗ್ರಿಗೆ ಇಟ್ಟೆ. ಮ್ಯಾಗ್ನೀಷಿಯಂ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ, ಸಿಲಿಕಾನ್ ಉಳಿಯುತ್ತದೆ. ಆಗ ವಿಪರೀತ ಶಾಖ ಹುಟ್ಟುತ್ತದೆ. ಉಪ್ಪು ಕರಗುತ್ತಾ ಅದನ್ನು ಹೀರಿಕೊಳ್ಳುತ್ತದೆ. ಇಲ್ಲದಿದ್ದರೆ ಹಾಳೆಗಳೆಲ್ಲ ಅಂಟಿ ಗಟ್ಟಿಯಾಗಿಬಿಡುತ್ತವೆ. ಈ ಉಪ್ಪಿನ ಉಪಾಯ ನನಗೆ ತುಂಬಾ ಇಷ್ಟ.

ಮರುದಿನ ಬೆಳಿಗ್ಗೆ ಕಪ್ಪು ಗಡ್ಡೆ ಸಿಕ್ಕಿತು. ನೀರಲ್ಲಿ ಉಪ್ಪು ತೊಳೆದು, ಫ್ಯೂಮ್ ಹುಡ್ (ಅನಿಲವನ್ನು ಹೊರಗೆಳೆಯುವ ಗೂಡು) ಒಳಗೆ ಆಸಿಡ್ ಹನಿ ಹನಿಯಾಗಿ ಬಿಟ್ಟೆ. ಟಪ್ ಟಪ್ ಸದ್ದು, ಸಣ್ಣ ಕಿಡಿ! ಫರ್ನೇಸಿನಲ್ಲಿ ಮ್ಯಾಗ್ನೀಷಿಯಂ, ಸಿಲಿಕಾನ್ ಸೇರಿ ಆಗಿದ್ದ ಮ್ಯಾಗ್ನೀಷಿಯಂ ಸಿಲಿಸೈಡ್ ಆಸಿಡ್ ತಾಗಿ ಸಿಲೇನ್ ಅನಿಲ ಬಿಡುತ್ತದೆ, ಅದು ಗಾಳಿ ಸೋಕಿದರೆ ಸಾಕು ಉರಿಯುತ್ತದೆ. ಅವಸರ ಮಾಡದೆ ತೊಳೆದ ಮೇಲೆ ಕಂದು ಪುಡಿ ಕೈಸೇರಿತು.

ಮಧ್ಯಾಹ್ನ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಮುಂದೆ ಕೂತೆವು. "ನೋಡು, ಪದರ ಹಾಗೇ ಇದೆಯಲ್ಲ!" ಎಂದು ಸೀನಿಯರ್ ಅಕ್ಕ ಕುರ್ಚಿಯಿಂದ ಎದ್ದೇ ಬಿಟ್ಟರು. ಕಲ್ಲಿನ ಹಾಳೆ ಸಿಲಿಕಾನ್ ಹಾಳೆಯಾಗಿತ್ತು. ಆಮ್ಲಜನಕ ಕಿತ್ತುಕೊಂಡು ಆದ ಮ್ಯಾಗ್ನೀಷಿಯಂ ಆಕ್ಸೈಡ್ ಆಸಿಡ್‌ನಲ್ಲಿ ಕರಗಿಹೋದಲ್ಲೆಲ್ಲ ಸಣ್ಣ ಸಣ್ಣ ತೂತು. ಸಿಲಿಕಾನ್ ಉಬ್ಬಲು ಬೇಕಾದ ಜಾಗ ಅದೇ. ನನಗೆ ಅಂದು ಊಟವೂ ನೆನಪಾಗಲಿಲ್ಲ.

ಆಮೇಲೆ ಕಾಯಿನ್ ಸೆಲ್, ಅಂದರೆ ನಾಣ್ಯದಂಥ ಪುಟ್ಟ ಬ್ಯಾಟರಿ, ಕಟ್ಟಿದೆವು. ಚಾರ್ಜ್ ಮಾಡಿ ಖಾಲಿ ಮಾಡುವ ಮೊದಲ ಸುತ್ತಿನಲ್ಲಿ ಒಳಹೋದ ಲಿಥಿಯಂನಲ್ಲಿ ಒಂದಷ್ಟು ವಾಪಸ್ ಬರಲಿಲ್ಲ. ಸಿಲಿಕಾನ್ ಮೈಮೇಲೆ ಪೊರೆ ಕಟ್ಟಲು ಅದು ಖರ್ಚಾಗುತ್ತದೆ. ಆದರೂ ಸಾಧಾರಣ ಸಿಲಿಕಾನ್ ಪುಡಿಯ ಸೆಲ್ಲಿನ ಸಾಮರ್ಥ್ಯ ಬೇಗ ಕುಸಿದರೆ, ಇದರದ್ದು ನಿಧಾನವಾಗಿ ಇಳಿಯಿತು. ಪೊರೆಯ ಖರ್ಚು ತಗ್ಗಿಸಲು ಈಗ ಅದೇ ಹಾಳೆಗಳಿಗೆ ಇಂಗಾಲದ ಲೇಪ ಹಚ್ಚುತ್ತಿದ್ದೇವೆ.