ಓಆರ್‌ಎಸ್‌ನಲ್ಲಿ ಸಕ್ಕರೆ ಏಕೆ?

ವಾಂತಿಭೇದಿಯಾದವರಿಗೆ ಕುಡಿಸುವ ಓಆರ್‌ಎಸ್ ದ್ರಾವಣದಲ್ಲಿ ಸಕ್ಕರೆಯಂಶವಿರುವುದು ಕೇವಲ ರುಚಿಗಾಗಿ ಅಥವಾ ಶಕ್ತಿಗಾಗಿ ಅಲ್ಲ ಎಂಬುದನ್ನು ನೆನೆದಾಗಲೆಲ್ಲ ನನಗೆ ಬೆರಗಾಗುತ್ತದೆ. ಸಣ್ಣ ಕರುಳಿನ ಒಳಗೋಡೆಯ ಜೀವಕೋಶಗಳಲ್ಲಿರುವ ಒಂದು ಪ್ರೋಟೀನು ಗ್ಲೂಕೋಸನ್ನೂ ಉಪ್ಪಿನ ಸೋಡಿಯಂ ಅನ್ನೂ ಜೊತೆಯಾಗಿಯೇ ಒಳಕ್ಕೆ ಸಾಗಿಸುತ್ತದೆ, ಅವುಗಳ ಹಿಂದೆಯೇ ನೀರೂ ದೇಹವನ್ನು ಸೇರುತ್ತದೆ. ಕಾಲರಾದಂತಹ ಭೀಕರ ಕಾಯಿಲೆಯಲ್ಲೂ ಈ ದಾರಿ ಮುಚ್ಚಿಹೋಗುವುದಿಲ್ಲ. 1971ರಲ್ಲಿ, ನಿರಾಶ್ರಿತರಿಂದ ತುಂಬಿಹೋಗಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ರಕ್ತನಾಳಕ್ಕೆ ಏರಿಸುವ ದ್ರಾವಣ ಸಾಲದೆ ಬಂದಾಗ, ವೈದ್ಯ ದಿಲೀಪ್ ಮಹಾಲನಬಿಸ್ ಅವರು ಓಆರ್‌ಎಸ್ ಅನ್ನೇ ರೋಗಿಗಳ ಬಂಧುಗಳ ಕೈಯಿಂದ ಕುಡಿಸಿದರು. ಶೇಕಡಾ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಅಳತೆ ಮಾತ್ರ ತಪ್ಪಬಾರದು, ಏಕೆಂದರೆ ಸಕ್ಕರೆ ಹೆಚ್ಚಾದರೆ ಆ ಸಕ್ಕರೆಯೇ ನೀರನ್ನು ಕರುಳಿನೊಳಕ್ಕೆ ಸೆಳೆದು ಭೇದಿಯನ್ನು ಉಲ್ಬಣಗೊಳಿಸುತ್ತದೆ.