ಚಿಕ್ಕಜಾಜೂರು ಮಾದರಿಗೆ ಸ್ಟೀಮ್ ಎಂಜಿನ್ ಸದ್ದು

ಮಾದರಿ ರೈಲಿಗೆ ಸ್ಟೀಮ್ ಸದ್ದು ಕೂರಿಸುವವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಗಾಡಿ ಜೋರಾಗಿ ಓಡಿದಷ್ಟೂ ಸದ್ದನ್ನೂ ಜೋರು ಮಾಡುತ್ತಾರೆ. ಎಂಜಿನ್ ಸದ್ದು ಮಾಡುವುದು ಓಡುವುದಕ್ಕಲ್ಲ, ಎಳೆಯುವುದಕ್ಕೆ. ಭರ್ತಿ ಗೂಡ್ಸ್ ಎಳೆದುಕೊಂಡು ಗಂಟೆಗೆ 10 ಕಿಮೀ ವೇಗದಲ್ಲಿ ಹೊರಟ ಎಂಜಿನ್ ಊರೆಲ್ಲ ಕೇಳುವಂತೆ ಗುಡುಗುತ್ತದೆ. ಅದೇ ಎಂಜಿನ್ ರೆಗ್ಯುಲೇಟರ್ (ಸಿಲಿಂಡರಿಗೆ ಹಬೆ ಬಿಡುವ ಕವಾಟ) ಮುಚ್ಚಿಕೊಂಡು 40ರಲ್ಲಿ ಇಳಿದು ಬರುವಾಗ ಚುಕ್ ಎನ್ನುವುದೇ ಇಲ್ಲ, ರಾಡುಗಳ ಖಣಖಣ ಮಾತ್ರ. ಹಳೆಯ ರೈಲ್ವೆ ನೌಕರರ ಮುಂದೆ ಮಾದರಿ ಓಡಿಸಿ ನೋಡಿ, "ಇಳಿಜಾರಿನ್ಯಾಗೂ ಇಷ್ಟ್ಯಾಕ್ ಉಬ್ಬಸ ಬಿಡ್ತತಿ ಇದು?" ಎಂದು ಕೇಳಿಯೇ ಕೇಳುತ್ತಾರೆ.

ದಾವಣಗೆರೆ ಕಡೆಯ ಹಳಿ 1990ರ ದಶಕದವರೆಗೂ ಮೀಟರ್‌ಗೇಜ್. ಹಾಗಾಗಿ ಚಿಕ್ಕಜಾಜೂರು ಜಂಕ್ಷನ್ ಕಟ್ಟಿದರೂ, ದಾವಣಗೆರೆಯ ಅಶೋಕ ಟಾಕೀಸ್ ರೈಲ್ವೆ ಗೇಟ್ ಕಟ್ಟಿದರೂ ಬೇಕಾಗುವುದು ಮೀಟರ್‌ಗೇಜ್‌ನ ಸ್ಟೀಮ್ ಎಂಜಿನ್‌ಗಳಾದ ವೈಪಿ ಅಥವಾ ವೈಜಿ. ಎರಡೂ ಎರಡು ಸಿಲಿಂಡರಿನವು, ದೊಡ್ಡ ಚಕ್ರದ ಒಂದು ಸುತ್ತಿಗೆ ನಾಲ್ಕು ಚುಕ್. ವೈಜಿಯ ಚಾಲಕ ಚಕ್ರದ ವ್ಯಾಸ 1219 ಮಿಮೀ, ಸುತ್ತಳತೆ ಸುಮಾರು 3.83 ಮೀಟರ್. ಗಂಟೆಗೆ 10 ಕಿಮೀ ವೇಗದಲ್ಲಿ ಸೆಕೆಂಡಿಗೆ 2.9 ಚುಕ್, 30 ಕಿಮೀಗೆ 8.7. ಅಂದರೆ ಎರಡು ಚುಕ್‌ಗಳ ನಡುವೆ ನಿಧಾನದಲ್ಲಿ 345 ಮಿಲಿಸೆಕೆಂಡ್ ಸಿಗುತ್ತದೆ, ವೇಗದಲ್ಲಿ ಬರೀ 115. ವೈಪಿಯ ಚಕ್ರ 1372 ಮಿಮೀ, ಅದೇ ವೇಗದಲ್ಲಿ ಚುಕ್ ಸ್ವಲ್ಪ ಕಡಿಮೆ.

ಸಿದ್ಧ ಸೌಂಡ್ ಫೈಲ್ ತಂದು ಹಾಕಿದರೆ ಏನಾಗುತ್ತದೆ? ಅಮೆರಿಕದ್ದಾದರೆ ಗಂಟೆ ಬಾರಿಸುತ್ತದೆ, ಹಲವು ಸ್ವರದ ಸೀಟಿ ಹಾಕುತ್ತದೆ, ನಿಂತಾಗ ಏರ್ ಪಂಪ್ ಧಪ್ ಧಪ್ ಎನ್ನುತ್ತದೆ. ನಮ್ಮ ವೈಪಿ, ವೈಜಿ ಗಾಡಿಗಳಿಗೆ ಇದ್ದದ್ದು ವ್ಯಾಕ್ಯೂಮ್ ಬ್ರೇಕ್. ನಿಂತಾಗ ಕೇಳಬೇಕಾದದ್ದು ಬ್ರೇಕ್ ಪೈಪಿನ ಗಾಳಿಯನ್ನು ಹಬೆಯಿಂದ ಹೀರಿ ತೆಗೆಯುವ ಎಜೆಕ್ಟರಿನ ಬಿಡದ ಸುಯ್ ಸದ್ದು. ಹೊರಡುವ ಮುಂಚೆ ಬ್ರೇಕ್ ಬಿಡಿಸಲು ದೊಡ್ಡ ಎಜೆಕ್ಟರ್ ತೆರೆದಾಗ ಅದು ಭೋರ್ಗರೆಯುತ್ತದೆ. ಆ ಪಂಪ್ ಸದ್ದೊಂದನ್ನು ತೆಗೆದುಹಾಕಿದರೂ ಅರ್ಧ ಪರದೇಶಿತನ ಹೋದಂತೆ.

ಊಟಿ ಹತ್ತಿರ ಎಂದು ಅಲ್ಲಿಗೆ ರೆಕಾರ್ಡರ್ ಹಿಡಿದು ಹೋಗುವ ಆಸೆ ಸಹಜ. ಮೆಟ್ಟುಪಾಳ್ಯಂ–ಕೂನೂರು ನಡುವಿನ ಎಕ್ಸ್ ಕ್ಲಾಸ್ ಎಂಜಿನ್ ಹಲ್ಲುಹಳಿಯ ಮೇಲೆ ನಾಲ್ಕು ಸಿಲಿಂಡರ್‌ನಲ್ಲಿ ದುಡಿಯುವಂಥದ್ದು, ಅದರ ಲಯ ವೈಜಿಗೆ ಹೊಂದುವುದಿಲ್ಲ. ಬಾಯ್ಲರಿಗೆ ನೀರು ತಳ್ಳುವ ಇಂಜೆಕ್ಟರ್, ಸೇಫ್ಟಿ ವಾಲ್ವ್ ಸದ್ದಿಗೆ ಅದು ಅಡ್ಡಿಯಿಲ್ಲ. ಚುಕ್‌ಗೆ ಡಬ್ಲ್ಯುಪಿ, ಡಬ್ಲ್ಯುಜಿ ವಾಸಿ: ಬ್ರಾಡ್‌ಗೇಜ್ ಆದರೂ ಎರಡೇ ಸಿಲಿಂಡರ್.

ರೆಕಾರ್ಡ್ ಮಾಡುವಾಗ ಫೋನ್ ಬೇಡ. ಫೋನ್ ತಾನೇ ಸದ್ದನ್ನು ಏರಿಸಿ ಇಳಿಸಿ ಎಲ್ಲ ಚುಕ್‌ಗಳನ್ನೂ ಒಂದೇ ಮಟ್ಟಕ್ಕೆ ತಂದುಬಿಡುತ್ತದೆ. ಕೈಯಲ್ಲಿ ಹಿಡಿಯುವ ಸಣ್ಣ ರೆಕಾರ್ಡರ್ ಸಾಕು: 48 ಕಿಲೋಹರ್ಟ್ಸ್, 24 ಬಿಟ್, ಆಟೋ ಲೆವೆಲ್ ಆಫ್, ಅತಿ ಜೋರಿನ ಸದ್ದೂ ಮೈನಸ್ 12 ಡೆಸಿಬೆಲ್ ದಾಟದಂತೆ. ಸೀಟಿಗೆ ಇನ್ನೂ ತಗ್ಗಿಸಿ, ಒಮ್ಮೆ ಒಡೆದ ಸೀಟಿ ಮತ್ತೆ ಕೂಡುವುದಿಲ್ಲ. ಮೈಕ್‌ಗೆ ತುಪ್ಪಳದ ಹೊದಿಕೆ ಹಾಕಲೇಬೇಕು. ಚಿತ್ರದುರ್ಗದ ಜೋಗಿಮಟ್ಟಿಯ ಗಾಳಿ ಕಂಡವರಿಗೆ ಕಾರಣ ಹೇಳಬೇಕಿಲ್ಲ. ಎದುರಿನಿಂದ ಹಾದುಹೋದ ಎಂಜಿನ್‌ನ ಸೀಟಿ ಕೆಲಸಕ್ಕೆ ಬಾರದು, ದಾಟುವಾಗ ಶ್ರುತಿ ಇಳಿದಿರುತ್ತದೆ. ಸೀಟಿ ಬೇಕಿದ್ದರೆ ನಿಂತ ಎಂಜಿನ್‌ನದ್ದೇ ಆಗಬೇಕು. ಚುಕ್‌ಗೆ ಬೇಕಾದದ್ದು ಗಾಡಿ ಹೊರಟ ಮೊದಲ ಹತ್ತು ಹನ್ನೆರಡು ಹೊಡೆತ, ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಸಿಗುವುದು ಅಲ್ಲಿ ಮಾತ್ರ.

ಕಲ್ಲಿದ್ದಲು ಎರಚುವ ಸದ್ದಿಗೆ ಅಷ್ಟು ದೂರ ಹೋಗಬೇಕಿಲ್ಲ. ಕಮ್ಮಾರರ ಕುಲುಮೆಯ ಹತ್ತಿರ ಒಂದು ಬುಟ್ಟಿ ಕಲ್ಲಿದ್ದಲು, ಕಬ್ಬಿಣದ ಸಲಿಕೆ, ಕೆಳಗೊಂದು ದಪ್ಪ ತಗಡು ಇದ್ದರೆ ಆಯಿತು.

ಮುಂದಿನದು ಸದ್ದು ತಿದ್ದುವ ಸಾಫ್ಟ್‌ವೇರ್ ಆಡಾಸಿಟಿಯ ಕೆಲಸ, ಎಲ್ಲವೂ ಕೆಡುವುದೂ ಇಲ್ಲೇ. ಒಂದೇ ಒಂದು ಒಳ್ಳೆಯ ಚುಕ್ ಆರಿಸಿ ಅದನ್ನೇ ಮತ್ತೆ ಮತ್ತೆ ನುಡಿಸಿದರೆ ಹೊಲಿಗೆ ಯಂತ್ರದ ಸದ್ದು ಬರುತ್ತದೆ. ನಿಜವಾದ ಎಂಜಿನ್‌ನ ನಾಲ್ಕು ಹೊಡೆತ ಒಂದೇ ಸಮ ಇರುವುದಿಲ್ಲ, ವಾಲ್ವ್ ಜೋಡಣೆಯಲ್ಲಿ ಕೂದಲೆಳೆಯ ವ್ಯತ್ಯಾಸ ಇದ್ದೇ ಇರುತ್ತದೆ. ಆದ್ದರಿಂದ ಒಂದೇ ಸುತ್ತಿನ ನಾಲ್ಕನ್ನು ಅದೇ ಕ್ರಮದಲ್ಲಿ ತೆಗೆದುಕೊಂಡು, ಇಂಥ ಮೂರು ನಾಲ್ಕು ಸುತ್ತು ಇಟ್ಟುಕೊಳ್ಳಿ. ಒಂದೊಂದನ್ನೂ ಬೇರೆ ಬೇರೆಯಾಗಿ ನಾರ್ಮಲೈಸ್ ಮಾಡಿದರೆ (ಸದ್ದನ್ನು ಒಂದೇ ಗರಿಷ್ಠ ಮಟ್ಟಕ್ಕೆ ತಂದರೆ) ಆ ಏರಿಳಿತ ಸತ್ತುಹೋಗುತ್ತದೆ, ನಾಲ್ಕನ್ನೂ ಒಟ್ಟಿಗೆ ಮಾಡಬೇಕು. ಅಲೆ ಸೊನ್ನೆ ಗೆರೆ ದಾಟುವಲ್ಲಿ ಕತ್ತರಿಸಿ, ಕೊನೆಗೆ 5 ಮಿಲಿಸೆಕೆಂಡ್ ಫೇಡ್ ಕೊಡಿ, ಇಲ್ಲವಾದರೆ ಪ್ರತಿ ಚುಕ್‌ಗೂ ಟಿಕ್ ಎನ್ನುವ ಬಾಲ. ನಿಧಾನಕ್ಕೆ 300 ಮಿಲಿಸೆಕೆಂಡ್ ಉದ್ದದ ತುಣುಕು, ವೇಗಕ್ಕೆ 100ಕ್ಕಿಂತ ಚಿಕ್ಕದು, ನಡುವೆ ಇನ್ನೊಂದು. ಒಂದೇ ತುಣುಕನ್ನು ಬೇಗ ಓಡಿಸಿ ಚಿಕ್ಕದು ಮಾಡಿದರೆ ಎಂಜಿನ್ ಇಲಿಯಾಗುತ್ತದೆ. ನಾಯ್ಸ್ ರಿಡಕ್ಷನ್ ಅತಿ ಮಾಡಿದರೆ ನೀರೊಳಗಿನಿಂದ ಬಂದಂತಿರುತ್ತದೆ. ಹಿಂದೆ ಕಾಗೆ ಕೂಗಿದ್ದರೆ ಕೂಗಲಿ ಬಿಡಿ.

ದುಡ್ಡಿದ್ದರೆ ಡಿಸಿಸಿ ಡಿಕೋಡರ್ (ಹಳಿಯ ಮೂಲಕ ಬರುವ ಡಿಜಿಟಲ್ ಆದೇಶದಂತೆ ಎಂಜಿನ್, ಸದ್ದು ನಡೆಸುವ ಚಿಪ್) ಸುಲಭದ ದಾರಿ. ಲಾಕ್‌ಸೌಂಡ್ ಡಿಕೋಡರ್‌ನಲ್ಲಿ ಸಿವಿ (ಹೊಂದಿಕೆಯ ಸಂಖ್ಯೆ) 57ನ್ನು ಮೊದಲ ಸ್ಪೀಡ್ ಸ್ಟೆಪ್‌ನಲ್ಲಿ ಸುತ್ತಿಗೆ ನಾಲ್ಕು ಚುಕ್ ಬರುವಂತೆ ಹೊಂದಿಸಿ, ಆಮೇಲೆ ವೇಗಕ್ಕೆ ಸಿವಿ 58 ಮುಟ್ಟಬೇಕು. ಕ್ರಮ ತಿರುಗಿಸಿದರೆ ಎರಡೂ ಕೂಡಿಬರುವುದಿಲ್ಲ.

ಕೈಯಾರೆ ಮಾಡುವವರು ಡಿಎಫ್‌ಪ್ಲೇಯರ್ ಮಿನಿ ಎಂಬ ಸಣ್ಣ ಎಂಪಿ3 ಮಾಡ್ಯೂಲಿನಿಂದ ಶುರು ಮಾಡುತ್ತಾರೆ. ಅಗ್ಗದ್ದು, ಒಂದು ಹೊತ್ತಿಗೆ ಒಂದೇ ಸದ್ದು ನುಡಿಸುವುದು. ಸೀಟಿ ಹಾಕಿದರೆ ಚುಕ್ ನಿಲ್ಲುತ್ತದೆ. ಸ್ಟೇಷನ್ ಗಂಟೆಗೋ ಪ್ಲಾಟ್‌ಫಾರ್ಮ್ ಗಲಾಟೆಗೋ ಅದನ್ನು ಇಟ್ಟುಕೊಂಡು, ಎಂಜಿನ್‌ಗೆ ಇಎಸ್‌ಪಿ32 ಮೈಕ್ರೊಕಂಟ್ರೋಲರ್ ಜೊತೆ ಮ್ಯಾಕ್ಸ್98357ಎ ಆಂಪ್ಲಿಫೈಯರ್ ಹಾಕಿ, ಮೂರು ನಾಲ್ಕು ಸದ್ದನ್ನು ಪ್ರೋಗ್ರಾಮಿನಲ್ಲೇ ಕೂಡಿಸಬಹುದು. 22,050 ಹರ್ಟ್ಸ್, 16 ಬಿಟ್, ಮೊನೊ ಆದರೆ ಸೆಕೆಂಡಿಗೆ 44,100 ಬೈಟ್, 4 ಎಂಬಿಯ ಫ್ಲ್ಯಾಶ್‌ಗೆ ಸಾಲುತ್ತದೆ. ಸೂತ್ರ ಸರಳ: ನೀವು ಕಂಟ್ರೋಲರ್‌ನಲ್ಲಿ ಕೊಟ್ಟ ವೇಗ ಗಾಡಿಯ ಈಗಿನ ವೇಗಕ್ಕಿಂತ ಹೆಚ್ಚಿದ್ದರೆ ಜೋರು ಚುಕ್, ಸಮ ಇದ್ದರೆ ಮೆತ್ತನೆಯದು, ಕಡಿಮೆ ಇದ್ದರೆ ರಾಡಿನ ಸದ್ದು ಮಾತ್ರ. ಹೊರಟ ಮೊದಲೆರಡು ಸುತ್ತಿಗೆ ಸಿಲಿಂಡರಿನ ನೀರು ಹೊರಬಿಡುವ ಡ್ರೈನ್ ಕಾಕ್‌ನ ಫಿಸ್ಸ್ ಸೇರಿಸಿ.

ಚಕ್ರದ ಲೆಕ್ಕ ಮ್ಯಾಗ್ನೆಟ್ ಗುರುತಿಸುವ ಸೆನ್ಸರ್‌ನಿಂದ ಬರಲಿ. 1:87 ಅಳತೆಯ ಮಾದರಿಯಲ್ಲಿ ವೈಜಿಯ ಚಕ್ರ 14 ಮಿಮೀ, ಅಂದರೆ ಗಾಡಿ 11 ಮಿಮೀ ಸರಿದಾಗಲೆಲ್ಲ ಒಂದು ಚುಕ್. ಎಂಜಿನ್‌ನಲ್ಲಿ ಜಾಗವಿಲ್ಲದೆ ಟೆಂಡರ್ (ಕಲ್ಲಿದ್ದಲು, ನೀರು ಹೊತ್ತ ಹಿಂಗಾಡಿ) ಆಕ್ಸಲ್‌ಗೆ ಮ್ಯಾಗ್ನೆಟ್ ಅಂಟಿಸುವವರು ಅಲ್ಲೂ ನಾಲ್ಕೇ ಹಾಕಿ ಕೆಡುತ್ತಾರೆ. ಟೆಂಡರ್ ಚಕ್ರ 11 ಮಿಮೀ ಇದ್ದರೆ ಮೂರು ಮ್ಯಾಗ್ನೆಟ್ ಹಾಕಿ, 11.5 ಮಿಮೀಗೆ ಒಂದು ಬರುತ್ತದೆ, ಕಿವಿಗೆ ಗೊತ್ತಾಗುವುದಿಲ್ಲ. ಎ3144 ಹಾಲ್ ಸೆನ್ಸರ್ ಮ್ಯಾಗ್ನೆಟ್‌ನ ಒಂದೇ ಧ್ರುವಕ್ಕೆ ಸ್ಪಂದಿಸುತ್ತದೆ, ಎಲ್ಲವೂ ಒಂದೇ ಮುಖವಾಗಿರಲಿ. ಅದಕ್ಕೆ 5 ವೋಲ್ಟ್ ಕೊಡಿ, ಔಟ್‌ಪುಟ್‌ನಿಂದ 3.3 ವೋಲ್ಟ್‌ಗೆ 10 ಕಿಲೋಓಮ್ ರೆಸಿಸ್ಟರ್ ಸೇರಿಸಿ.

ಇಷ್ಟೆಲ್ಲ ಮಾಡಿದರೂ ಸದ್ದು ತಗಡಿನಂತೆ ಕೇಳಿಸಿತೇ? ತಪ್ಪು ಸ್ಪೀಕರ್ ಪೆಟ್ಟಿಗೆಯದ್ದು. ಹಿಂಬದಿ ಮುಚ್ಚದಿದ್ದರೆ ಸ್ಪೀಕರಿನ ಮುಂದಿನ ಸದ್ದನ್ನು ಹಿಂದಿನದು ತಿಂದುಹಾಕುತ್ತದೆ. 11×15 ಮಿಮೀ ಸ್ಪೀಕರಿನ ಡಬ್ಬಿಯ ಅಂಚನ್ನು ಸೂಜಿಮೊನೆಯಷ್ಟು ಸಂದಿಯೂ ಇಲ್ಲದಂತೆ ಅಂಟಿನಿಂದ ಮುಚ್ಚಿ. ಅಷ್ಟು ಸಣ್ಣ ಸ್ಪೀಕರ್ 250 ಹರ್ಟ್ಸ್ ಕೆಳಗೆ ಏನನ್ನೂ ಕೊಡುವುದಿಲ್ಲ, ಒದರಾಡುತ್ತದೆ ಅಷ್ಟೆ. ಫೈಲಿನಲ್ಲೇ ಅದನ್ನು ಕತ್ತರಿಸಿ. ಎದೆಗೆ ತಾಗುವ ಗುಡುಗು ಬೇಕೆಂದರೆ ಚಿಕ್ಕಜಾಜೂರು ಪ್ಲಾಟ್‌ಫಾರ್ಮ್ ಕೆಳಗೆ, ಹಲಗೆಯ ಅಡಿಯಲ್ಲಿ 4 ಇಂಚಿನ ಸ್ಪೀಕರ್ ಕೂರಿಸಿ, ಅದಕ್ಕೆ ತಗ್ಗು ಸ್ವರ ಮಾತ್ರ ಕಳಿಸಿ. ಕಿವಿ ಅದನ್ನೂ ಎಂಜಿನ್‌ನದ್ದೇ ಎಂದು ನಂಬುತ್ತದೆ.

ಸದ್ದು ನಡುನಡುವೆ ನಿಂತು ಮತ್ತೆ ಮೊದಲಿನಿಂದ ಶುರುವಾದರೆ ಪ್ರೋಗ್ರಾಂ ತಡಕಾಡಬೇಡಿ. ಮೊದಲು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಹಳಿ, ಚಕ್ರ ಒರೆಸಿ. ನಮ್ಮ ಕಡೆಯ ಧೂಳಿಗೆ ಬೇಸಿಗೆಯಲ್ಲಿ ವಾರಕ್ಕೊಮ್ಮೆಯಾದರೂ ಬೇಕು.