ಅಪ್ಪನ ಟಾರ್ಚ್ ಬೆಳಕು

ನಮ್ಮ ತವರುಮನೆ ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ನಡುವೆ. ಹಳೆಯ ಮನೆ, ಪಾಯಿಖಾನೆ ಹೊರಗೆ. ರಾತ್ರಿ ಅಪ್ಪ ಎದ್ದರೆ ಮೊದಲು ಚಿಲಕದ ಸದ್ದು, ಆಮೇಲೆ ಕಿಟಕಿಯಲ್ಲಿ ಟಾರ್ಚ್ ಬೆಳಕು. 2023ರಲ್ಲಿ ನಾನು ಬಾಣಂತನಕ್ಕೆ ಬಂದಿದ್ದಾಗ ಮಗುವಿನ ಜೊತೆ ನನಗೂ ನಿದ್ದೆ ಇರಲಿಲ್ಲ. ಹಾಗಾಗಿ ಲೆಕ್ಕ ಸಿಕ್ಕಿತು. ಒಂದೇ ರಾತ್ರಿ ಆರು ಸಲ.

ಬೆಳಗ್ಗೆ ಕೇಳಿದೆ. "ಪ್ರಾಯ ಆಯ್ತಲ್ಲ ಮಗಳೇ" ಎಂದರು. ಅವರಿಗೆ ಆಗ 67.

ಆಮೇಲೆ ಒಂದೊಂದೇ ಕಾಣತೊಡಗಿತು. ತಾಳಮದ್ದಳೆ ಎಂದರೆ ಊಟ ಬಿಟ್ಟು ಹೋಗುತ್ತಿದ್ದ ಅಪ್ಪ ಒಂದು ವರ್ಷದಿಂದ ಹೋಗಿರಲಿಲ್ಲ. ಕಾಸರಗೋಡಿಗೆ ಬಸ್ಸು ಹತ್ತುವ ದಿನ ಬೆಳಗ್ಗಿನಿಂದ ನೀರೇ ಕುಡಿಯುತ್ತಿರಲಿಲ್ಲ. ತನ್ನ ಲುಂಗಿ, ಬೈರಾಸುಗಳನ್ನು ಯಾರೂ ಏಳುವ ಮೊದಲೇ ಬಾವಿಕಟ್ಟೆಯಲ್ಲಿ ತಾವೇ ಒಗೆಯುತ್ತಿದ್ದರು. ಅಮ್ಮನಿಗೂ ಏನೂ ಹೇಳಿರಲಿಲ್ಲ. ಅಮ್ಮ ಉಷ್ಣ ಇರಬೇಕೆಂದು ಬಾರ್ಲಿ ನೀರು, ಕೊತ್ತಂಬರಿ ಕಷಾಯ ಕೊಡುತ್ತಿದ್ದಳು.

ಆಟಿ ತಿಂಗಳ ಮಳೆಯಲ್ಲಿ ಶೀತ ಆಯಿತು. ಮೆಡಿಕಲ್ ಅಂಗಡಿಯಿಂದ ಸುಮ್ನೆ ಒಂದು ಶೀತದ ಮಾತ್ರೆ ತಂದು ನುಂಗಿದರು. ಆ ರಾತ್ರಿ ಮೂತ್ರ ಪೂರ್ತಿ ಕಟ್ಟಿತು. ಬೆಳಗಿನ ಜಾವ ಅವರು ಜಗಲಿಯ ಕಂಬ ಹಿಡಿದು ನಿಂತಿದ್ದರು, ಕೂರಲೂ ಆಗುತ್ತಿರಲಿಲ್ಲ. ಹೊಕ್ಕುಳ ಕೆಳಗೆ ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಕುಂಬಳೆಗೆ ಬಂದು, ತಲಪಾಡಿ ದಾಟಿ ಮಂಗಳೂರು ಸೇರುವವರೆಗೆ ಪ್ರತಿ ಹೊಂಡಕ್ಕೂ ಅಪ್ಪ ನರಳುತ್ತಿದ್ದರು.

ಟ್ಯೂಬ್ ಹಾಕಿದಾಗ 1,400 ಮಿಲಿಲೀಟರ್ ಬಂತು. ಸಾಮಾನ್ಯವಾಗಿ 300-400 ತುಂಬುವಾಗಲೇ ನಮಗೆ ಹೋಗಬೇಕು ಅನಿಸುತ್ತದೆ. ಸ್ಕ್ಯಾನಿನಲ್ಲಿ ಎರಡೂ ಕಿಡ್ನಿ ಊದಿದ್ದವು. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತದ ಲೆಕ್ಕ ಕ್ರಿಯಾಟಿನಿನ್, 1ರ ಆಸುಪಾಸಿನಲ್ಲಿರಬೇಕಾದದ್ದು 4.8 ಇತ್ತು.

ಇಷ್ಟಕ್ಕೆಲ್ಲ ಕಾರಣ ಬೆಳೆದ ಪ್ರೊಸ್ಟೇಟ್. ಅದು ಗಂಡಸರಿಗೆ ಮಾತ್ರ ಇರುವ ಗ್ರಂಥಿ. ವೀರ್ಯದ ಒಂದು ಪಾಲು ನೀರು ತಯಾರಾಗುವುದು ಅಲ್ಲೇ. ಅದು ಮೂತ್ರದ ಚೀಲದ ಬುಡದಲ್ಲಿ, ಮೂತ್ರನಾಳವನ್ನು ಸುತ್ತಿಕೊಂಡು ಕೂತಿರುತ್ತದೆ. ಪ್ರಾಯ ಆದ ಹಾಗೆ ಬೆಳೆಯುತ್ತದೆ. 60ರ ಹೊತ್ತಿಗೆ ಸುಮಾರು ಅರ್ಧದಷ್ಟು ಗಂಡಸರಲ್ಲಿ ಬೆಳೆದಿರುತ್ತದಂತೆ. ಇದು ಕ್ಯಾನ್ಸರ್ ಅಲ್ಲ. ಆದರೆ ಒಳಗಿನ ದಾರಿ ಇಕ್ಕಟ್ಟಾಗುತ್ತದೆ. ಡಾಕ್ಟರು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ಇಷ್ಟು ಹೇಳುವಾಗ ಅಪ್ಪ ಮೊದಲ ಬಾರಿ ಬಾಯಿ ಬಿಟ್ಟರು. "ಕಣಿಗೆ ಸೋಗೆ ಸಿಕ್ಕಿಕೊಂಡರೆ ನೀರು ಹಿಂದಕ್ಕೆ ನಿಂತು ಅಡಿಕೆ ಮರದ ಬುಡ ಕೊಳೆಯುತ್ತದಲ್ಲ, ಹಾಗೆಯಾ?" ಡಾಕ್ಟರು ಹೌದೆಂದರು. ಕೆಲವು ಶೀತದ ಮಾತ್ರೆಗಳು ಚೀಲದ ಬಾಯಿಯನ್ನು ಇನ್ನಷ್ಟು ಬಿಗಿ ಮಾಡುತ್ತವೆ, ಇನ್ನು ಕೆಲವು ಚೀಲದ ಶಕ್ತಿಯನ್ನೇ ಕುಗ್ಗಿಸುತ್ತವೆ ಎಂದೂ ಹೇಳಿದರು. ಇದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬೇಗ ಬಂದಿದ್ದರೆ ಮಾತ್ರೆಯಲ್ಲೇ ಮುಗಿಯುವ ಸಾಧ್ಯತೆ ಜಾಸ್ತಿ ಇತ್ತಂತೆ. ಆ ಮಾತು ನನಗೆ ಈಗಲೂ ಚುಚ್ಚುತ್ತದೆ. ಕಿಡ್ನಿ ಸ್ವಲ್ಪ ಸುಧಾರಿಸಿದ ಮೇಲೆ ಆಪರೇಶನ್ ಆಯಿತು. ಹೊರಗೆ ಗಾಯ ಇಲ್ಲ, ಮೂತ್ರನಾಳದ ಮೂಲಕವೇ ಒಳಗೆ ಹೋಗಿ ಕೆತ್ತಿ ತೆಗೆಯುತ್ತಾರೆ. ಕ್ರಿಯಾಟಿನಿನ್ 1.6ಕ್ಕೆ ಇಳಿಯಿತು, ಅಲ್ಲೇ ನಿಂತಿತು. ಹಾಳಾದ ಪಾಲು ವಾಪಸ್ ಬರುವುದಿಲ್ಲ. ಮಂಡಿನೋವಿಗೆ ನುಂಗುತ್ತಿದ್ದ ಮಾತ್ರೆಯನ್ನು ಪೂರ್ತಿ ಬಿಡಿಸಿದರು, ಅದೂ ಕಿಡ್ನಿಗೆ ಕೆಡುಕು.

ರಾತ್ರಿ ಎದ್ದವರಿಗೆಲ್ಲ ಇದೇ ತೊಂದರೆ ಅಂತಲ್ಲ, ಸಕ್ಕರೆ ಕಾಯಿಲೆಯೂ ಇರಬಹುದು. ಆದರೆ ಧಾರೆ ಸಣ್ಣಗಾಗುವುದು, ಶುರುವಾಗಲು ಹೊತ್ತು ಹಿಡಿಯುವುದು, ಮುಗಿದ ಮೇಲೂ ತೊಟ್ಟಿಕ್ಕುವುದು, ಇವನ್ನು ಮನೆಯ ಹೆಂಗಸರು ಹೊರಗಿನಿಂದ ಕಾಣಲು ಆಗುವುದಿಲ್ಲ. ನಾವು ಕೇಳಬೇಕು. ಅವರು ಹೇಳಬೇಕು. ನಾನು ಕೇಳಿದ್ದೆ, ಒಂದು ಉತ್ತರಕ್ಕೆ ಸುಮ್ಮನಾದೆ.

ಕಳೆದ ತಿಂಗಳು ಮನೆಗೆ ಹೋಗಿದ್ದೆ. ಅಡಿಕೆ ಸುಲಿಯಲು ಬರುವವರೊಬ್ಬರು ಅರ್ಧ ಗಂಟೆಯಲ್ಲಿ ಮೂರು ಸಲ ತೋಟದ ಕಡೆ ಹೋಗಿ ಬಂದರು. ಅಪ್ಪ ಜಗಲಿಯಿಂದಲೇ ಕೇಳಿದರು, "ಹೊಯ್ಯಲಿಕ್ಕೆ ಎಷ್ಟು ಹೊತ್ತು ಬೇಕಾಗ್ತದೆ ನಿನಗೆ?" ನಾನು ಅಡಿಗೆಮನೆಗೆ ಸರಿದೆ. ಅವರು ಮೂರು ನಾಲ್ಕು ಅಡಿಕೆ ಸುಲಿದರು. ಆಮೇಲೆ ಮೆಲ್ಲಗೆ ಹೇಳತೊಡಗಿದರು. ಸೋಮವಾರ ಅಪ್ಪನೇ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.